ಮೀರಾಬಾಯಿ ಸೈಕಲ್ ಕಲಿತದ್ದು

ಮೀರಾಬಾಯಿ ಹುಮನಾಬಾದಿಗೆ ಮದುವೆಯಾಗಿ ಬಂದಾಗಿನಿಂದ ಗಂಡ ಶಂಕರಲಿಂಗನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು. ಊಟಕ್ಕೆ ಬಿಟ್ಟರೆ ಎದ್ದದ್ದೇ ಕಡಿಮೆ. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಬೇಕು ಎಂದರು ಡಾಕ್ಟರು. ಓಣಿಯ ಗೆಳತಿ ಸರುಬಾಯಿಯನ್ನು ಕರೆದುಕೊಂಡು ಅವಳು ಬೆಳಗಿನ ಹೊತ್ತು ಊರಿನ ಉದ್ಯಾನಕ್ಕೆ ಹೋಗತೊಡಗಿದಳು.

ಉದ್ಯಾನದ ಸುತ್ತ ಒಂದೇ ದಾರಿ. ಏರಿಲ್ಲ, ತಗ್ಗಿಲ್ಲ, ನಡೆಯುವವರಿಗೂ ಅದೇ, ಸೈಕಲ್ಲಿನವರಿಗೂ ಅದೇ. ಗೆಳತಿಯರಿಬ್ಬರೂ ನಟ್ಟನಡುವೆ ಕೈ ಬೀಸಿಕೊಂಡು ಮಾತಿಗಿಳಿದರೆ ಆಚೀಚೆ ಬೆಕ್ಕು ನುಸುಳಲೂ ಜಾಗ ಉಳಿಯುತ್ತಿರಲಿಲ್ಲ.

ಇದರಿಂದ ಕಂಗೆಟ್ಟವನು ತುಳಜಾರಾಮ. ಬಸವಕಲ್ಯಾಣದ ಬಸ್ಸು ಓಡಿಸಿ ನಿವೃತ್ತನಾದ ಅವನು ಮೊಣಕಾಲು ನೋವಿಗೆಂದು ಮಗಳ ಹಳೆಯ ಲೇಡೀಸ್ ಸೈಕಲ್ ತುಳಿಯುತ್ತಿದ್ದ.

"ವೈನಿ, ಜರಾ ಬಾಜೂ ಸರೀರಿ!" ಎಂದು ಒಂದು ದಿನ ಹಿಂದಿನಿಂದ ದಾರಿ ಕೇಳಿದ.

"ಯಾಕ್ರಿ ಇಷ್ಟ ಅವಸರ? ಹಿಂದ ಮಂದಿ ಕುಂತಾರೇನು?" ಎಂದಳು ಮೀರಾಬಾಯಿ, ತಿರುಗಿ ಕೂಡ ನೋಡದೆ.

ತುಳಜಾರಾಮ ಅವರ ಬೆನ್ನಿಗೇ ಇರುವೆಯ ಹಾಗೆ ಸೈಕಲ್ ಸರಿಸುತ್ತ ಬಂದ. ಅಷ್ಟು ನಿಧಾನಕ್ಕೆ ಸೈಕಲ್ ನಿಲ್ಲಬೇಕಲ್ಲ! ವಾಲಾಡಿ ವಾಲಾಡಿ ಸೀದಾ ಮೆಹಂದಿ ಬೇಲಿಯೊಳಗೆ ಹೋಗಿ ಬಿದ್ದ. ಅವನನ್ನು ಎಳೆದು ಎಬ್ಬಿಸಿದ ಮೀರಾಬಾಯಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

"ನಗ್ತೀರಿ? ಹತ್ತಿ ನೋಡ್ರಿ ಒಮ್ಮಿ. ಸಾವಕಾಶ ಹೊಡಿಯೋದು ಎಷ್ಟ ಕಷ್ಟ ಅದ, ತಿಳೀತದ."

ಮೀರಾಬಾಯಿಗೆ ಹಟ ಬಂತು. ತವರೂರು ಮುಡಬಿಯಲ್ಲಿ ಹುಡುಗಿಯಾಗಿದ್ದಾಗ ಅಣ್ಣ ತನ್ನ ಸೈಕಲ್ ಮುಟ್ಟಲೂ ಬಿಟ್ಟಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇಬಿಟ್ಟಳು. ಅವತ್ತಿನಿಂದ ದಿನಾ ತುಳಜಾರಾಮ ಹಿಂದೆ ಹಿಡಿದ, ಸರುಬಾಯಿ ಪಕ್ಕದಲ್ಲಿ ಓಡಿದಳು. ಒಂದು ಬೆಳಿಗ್ಗೆ ಅವನು ಹೇಳದೆ ಕೇಳದೆ ಕೈ ಬಿಟ್ಟ.

ಸೈಕಲ್ ಓಡಿತು. ಎದುರಿಗೆ ನಾಲ್ಕು ಜನ ಪಿಂಚಣಿದಾರರು ದಾರಿ ತುಂಬ ಸಾಲಾಗಿ ಬರುತ್ತಿದ್ದರು.

"ಸರೀರಿ! ಬಾಜೂ ಸರೀರಿ! ನಂಗ ನಿಲ್ಸಾಕ ಬರಂಗಿಲ್ಲ!"

ಅವರು ದಿಕ್ಕಾಪಾಲಾಗಿ ಹುಲ್ಲಿಗೆ ಹಾರಿದರು. ಒಬ್ಬರ ಚಪ್ಪಲಿ ದಾರಿಯಲ್ಲೇ ಉಳಿಯಿತು.

"ಬ್ರೇಕ್ ಹಿಡೀರಿ ವೈನಿ!" ತುಳಜಾರಾಮ ಹಿಂದಿನಿಂದ ಕೂಗಿದ.

"ಅದು ಯಾವುದ್ರಿ?"

ಅವನು ಕಲಿಸುವುದನ್ನು ಮರೆತದ್ದು ಅದೊಂದೇ. ಇಡೀ ಒಂದು ಸುತ್ತು ಹಾಕಿ, ಮಾಲಿ ಗಿಡಕ್ಕೆಂದು ಸುರಿದಿದ್ದ ಮಣ್ಣಿನ ಗುಡ್ಡೆಗೆ ಹೊಕ್ಕ ಮೇಲೆ ಸೈಕಲ್ ನಿಂತಿತು.

"ಏನಾತ ನನ್ನವ್ವಾ?" ಎಂದು ಸರುಬಾಯಿ ಅಳುತ್ತ ಓಡಿಬಂದಳು. ಮೀರಾಬಾಯಿ ಮಣ್ಣಿನಲ್ಲೇ ಕೂತಿದ್ದಳು. ಕಿವಿಯಲ್ಲಿ ಇನ್ನೂ ಗಾಳಿ ಗುಯ್‌ಗುಡುತ್ತಿತ್ತು. ತನ್ನ ಕಾಲ ಬಲದಿಂದಲೇ ಇಷ್ಟು ಜೋರಾಗಿ ಅವಳು ಎಲ್ಲಿಗೂ ಹೋದವಳಲ್ಲ.

"ಅಣ್ಣಾರೆ, ಇನ್ನೊಂದ್ ಸುತ್ತ ಹೊಡೀಲೇನ್ರಿ?" ಎಂದು ತುಳಜಾರಾಮನನ್ನು ಕೇಳಿದಳು.

ಅವಳು ಮನೆ ಮುಟ್ಟುವ ಮೊದಲೇ ಗಿರಾಕಿಗಳು ಶಂಕರಲಿಂಗನಿಗೆ ಸುದ್ದಿ ಮುಟ್ಟಿಸಿದ್ದರು.

"ಏನಿದು, ಈ ವಯಸ್ಸಿನ್ಯಾಗ?" ಎಂದ ಅವನು.

"ನಾಳಿ ನೀವೂ ಬರ್ರಿ. ನಿಮಗೂ ಹೊಟ್ಟಿ ಬಂದದ."

ಮರುದಿನ ಗದರಬೇಕೆಂದೇ ಬಂದ ಶಂಕರಲಿಂಗ ಉದ್ಯಾನದ ಬೆಂಚಿನ ಮೇಲೆ ಕೂತ. ಮೀರಾಬಾಯಿ ಒಮ್ಮೆ ಹಾದುಹೋದಳು, ಮತ್ತೊಮ್ಮೆ ಹಾದುಹೋದಳು. ಮೂರನೆಯ ಸುತ್ತಿಗೆ ಅವನು ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದವನ ತೊಡೆ ತಟ್ಟಿ ಹೇಳಿದ:

"ನೋಡಿದ್ರೇನು? ಆಕಿ ನಮ್ಮ ಮನಿಯಾಕಿ."