ಗ್ಲೈಡರಿಗೊಂದು ಎತ್ತಿನ ಗಂಟೆ

ನಾನು ಹಾರಿಸುವ ಗ್ಲೈಡರ್ ವಿಮಾನಕ್ಕೆ ಇಂಜಿನ್ ಇಲ್ಲ. ಗಾಳಿ ಕೈಕೊಟ್ಟರೆ ಸಿಕ್ಕಿದ ಬಯಲಲ್ಲಿ ಇಳಿಯಬೇಕು. ಹಾಗೆ ಒಮ್ಮೆ ಶಹಾಪುರದ ಆಚೆ, ಕಾಲುವೆ ಪಕ್ಕದ ಕೊಯ್ಲಾದ ಗದ್ದೆಯಲ್ಲಿ ಇಳಿದೆ. ಸದ್ದಿಲ್ಲದೆ ತಲೆಯ ಮೇಲೆ ಹಾದ ರೆಕ್ಕೆಗೆ ಬೆದರಿ ಕಾಲುವೆ ದಂಡೆಯ ಮೇಲಿನ ಗಾಡಿಯೆತ್ತುಗಳು ನೀರಿನ ಅಂಚಿನವರೆಗೆ ಓಡಿ ನಿಂತವು.

ಗಾಡಿ ಹೊಡೆಯುತ್ತಿದ್ದ ಹೆಂಗಸು ಕೆಳಗೆ ಧುಮುಕಿ ನೇರ ನನ್ನತ್ತ ಬಂದಳು.

"ಸಪ್ಪಳಿಲ್ದ ಮೈಮ್ಯಾಲೆ ಬರ್ತೀರಲ್ರೀ! ಎತ್ತು ಕೆನಾಲ್‌ದಾಗ ಬಿದ್ದಿದ್ರ?"

ಬಿಗುಮಾನ ಬಿಡದೆ ಟ್ರಾನ್ಸ್‌ಪಾಂಡರ್ ತೋರಿಸಿದೆ. "ನಾನೆಲ್ಲಿದ್ದೀನಿ ಅಂತ ಬೇರೆ ವಿಮಾನಗಳಿಗೆ ಈ ಪೆಟ್ಟಿಗೆ ತಿಳಿಸುತ್ತಮ್ಮ. ಡಿಕ್ಕಿ ಆಗಬಾರದಲ್ಲ. ಇದಿಲ್ಲದೆ ನನ್ನನ್ನ ಹಾರೋಕೇ ಬಿಡಲ್ಲ."

"ಎತ್ತಿಗೂ ತಿಳಸ್ತದೇನ್ರಿ?"

ಇಲ್ಲ ಎಂದೆ.

ಅವಳಿಗೆ ನಗು ಬಂತು. "ಈ ದಂಡಿ ಮ್ಯಾಲೆ ಎರಡು ಗಾಡಿ ಹಾಯಂಗಿಲ್ರಿ. ಎದುರಿನ ಗಾಡಿ ಗಂಟಿ ಕೇಳಿದ್ರ ಅಗಲ ಜಾಗಾ ನೋಡಿ ನಿಲ್ತೀವಿ." ಎತ್ತಿನ ಕೊರಳಿಂದ ಒಂದು ಹಿತ್ತಾಳೆ ಗಂಟೆ ಬಿಚ್ಚಿ ನನ್ನ ಕೈಗಿಟ್ಟಳು. "ಮ್ಯಾಲ ನಿಮ್ಮ ಪೆಟಗಿ ಇರ್ಲಿ. ಕೆಳಗ ಇಳಿಯೋವಾಗ ಇದನ್ನ ಬಾರಸ್ರಿ."

ನಗುತ್ತಲೇ ಇಸಿದುಕೊಂಡೆ. ಗ್ಲೈಡರಿನಿಂದ ಗಂಟೆ ಯಾರಿಗೆ ಕೇಳೀತು?

ಮುಂದಿನ ಬೇಸಿಗೆಯಲ್ಲಿ ಗಾಳಿ ಮತ್ತೆ ಅಲ್ಲೇ ಕೈಕೊಟ್ಟಿತು. ದಂಡೆಯ ಮೇಲೊಂದು ಗಾಡಿ ಬರುತ್ತಿತ್ತು. ಪಕ್ಕದ ಪುಟ್ಟ ಕಿಟಕಿಯಿಂದ ಕೈ ಹೊರಹಾಕಿ ನಾಚಿಕೆ ಬಿಟ್ಟು ಬಾರಿಸಿದೆ. ಗಾಡಿಯವನು ತಲೆಯೆತ್ತಿ ಕೂಡ ನೋಡಲಿಲ್ಲ. ಎದುರಿಗೆ ಇನ್ನೊಂದು ಗಾಡಿ ಬಂತು ಅಂದುಕೊಂಡಿರಬೇಕು, ಅಗಲ ಜಾಗಕ್ಕೆ ಸರಿದು ನಿಂತ. ಅವನ ಎತ್ತುಗಳೂ ಬೆದರಲಿಲ್ಲ.

ಟ್ರಾನ್ಸ್‌ಪಾಂಡರನ್ನು ವರ್ಷಾವರ್ಷ ತಪಾಸಣೆಗೆ ಕಳಿಸುತ್ತೇನೆ. ಗಂಟೆಗೆ ಚೂರು ಹುಣಸೆಹಣ್ಣು ಸಾಕು.