ರುಮಾಲು ಕತ್ತರಿಸಿದ ಜಾಣತನ

ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾದ ಹೊಸತರಲ್ಲಿ ನಾನು ಬೆಟಗೇರಿಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮೇಲೆ ಪುಟ ಜೋಡಿಸುವ ಕೆಲಸಕ್ಕಿದ್ದೆ. ಅಲ್ಲಿ ಕಂಪ್ಯೂಟರ್ ಮುಟ್ಟುವವನು ನಾನೊಬ್ಬನೇ. ಹಾಗಾಗಿ ಮುಂಡರಗಿಯಿಂದ ಲಕ್ಷ್ಮೇಶ್ವರದ ತನಕ ನನ್ನಂಥ ಜಾಣ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಸುಳ್ಳು ಎಂದು ಯಾರೂ ಹೇಳಿರಲಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಿರಲಿಲ್ಲ.

ಆಗಲೇ ಹೊಸ ಜಿಲ್ಲೆಯ ವ್ಯಾಪಾರಸ್ಥರು ಒಂದು ಸ್ಮರಣ ಸಂಚಿಕೆ ತರಲು ಹೊರಟರು. ಪುಸ್ತಕದ ತುಂಬ ಊರೂರಿನ ಹಿರಿಯ ವ್ಯಾಪಾರಿಗಳ ಫೋಟೋ, ಕೆಳಗೆ ಹೆಸರು. ಒಂದೊಂದನ್ನೂ ತಂದು, ಚೌಕಟ್ಟಿನಲ್ಲಿ ಕೂರಿಸಿ, ಎಳೆದು, ಕತ್ತರಿಸುತ್ತ ಕೂಡುವುದು ನನ್ನಂಥ ಮೇಧಾವಿಗೆ ತಕ್ಕ ಕೆಲಸವೇ? ಹುಬ್ಬಳ್ಳಿಯಿಂದ ತಂದ ಒಂದು ಸಿಡಿಯಲ್ಲಿ ಸಣ್ಣ ಪ್ರೋಗ್ರಾಂ ಸಿಕ್ಕಿತು. ಒಂದು ಗುಂಡಿ ಒತ್ತಿದರೆ ಫೋಟೋಗಳನ್ನೆಲ್ಲ ತಾನೇ ಚೌಕಟ್ಟಿಗೆ ಹಾಕಿ, ಅಳತೆಗೆ ಕತ್ತರಿಸುತ್ತಿತ್ತು. ಸ್ಟುಡಿಯೋದವರು ತಲೆಯ ಮೇಲೆ ಖಾಲಿ ಜಾಗ ಬಿಡುತ್ತಾರಲ್ಲ, ಆ ಜಾಗವನ್ನು ಎಲ್ಲ ಫೋಟೋದಲ್ಲೂ ಹಾರಿಸಿಬಿಡು ಎಂದು ಅದಕ್ಕೆ ಹೇಳಿಕೊಟ್ಟೆ. ನನ್ನದೂ ಗೆಳೆಯರದೂ ಫೋಟೋ ಹಾಕಿ ನೋಡಿದೆ. ಮುಖಗಳು ಚೌಕಟ್ಟು ತುಂಬಿ ಬಂದವು.

"ಸಾಹೇಬ್ರ, ವಾರದ ಕೆಲಸ ಚಾ ಕುಡಿಯೂದ್ರಾಗ ಮುಗೀತ್ರಿ," ಎಂದು ಪ್ರೆಸ್ಸಿನ ಮಾಲೀಕರ ಮುಂದೆ ಎದೆಯುಬ್ಬಿಸಿದೆ.

"ಜಲ್ದಿ ಆದ ಕೆಲಸ ಒಮ್ಮೆ ತಿರುಗಿ ನೋಡಬೇಕಪಾ," ಎಂದರು ಅವರು. ನಾನು ನೋಡಲಿಲ್ಲ. ಚಹಾ ಕುಡಿದೆ.

ನನ್ನ ಲಕ್ಷ್ಯವೂ ಬೇರೆ ಕಡೆ ಇತ್ತು. ಶಿರಹಟ್ಟಿಯ ಸೋದರತ್ತೆ ನನಗೆ ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿಯೊಬ್ಬರ ಮಗಳನ್ನು ಗೊತ್ತುಮಾಡಲು ಓಡಾಡುತ್ತಿದ್ದಳು. ಹೆಣ್ಣು ನೋಡಲು ಹೋದಾಗ, ಅವ್ವ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಹುಡುಗಿ ಕೊನೆಗೆ ನನ್ನನ್ನೇ ಕೇಳಿದಳು: "ನೀವು ಅಚ್ಚ ಹಾಕಿದ ಪುಸ್ತಕ ನೀವು ಓದತೀರೇನ್ರಿ?" ಹೂಂ ಎಂದು ಸುಳ್ಳು ಹೇಳಿದೆ. ಅದು ಗೊತ್ತಾಗಿ ಆಕೆ ನಕ್ಕಳು. ಅವತ್ತಿನಿಂದ ನನಗೆ ಆಕೆಯೇ ಬೇಕಾಗಿತ್ತು, ಬೇರೆ ಯಾರೂ ಬೇಡವಾಗಿತ್ತು. ಆಕೆಯ ಅಪ್ಪ ಮಾತ್ರ "ನೋಡೂಣು" ಎಂದಷ್ಟೇ ಹೇಳಿ ಬಿಟ್ಟಿದ್ದರು. ವ್ಯಾಪಾರಸ್ಥರ ಪರವಾಗಿ ಸಂಚಿಕೆಯ ಕರಡು ನೋಡಲು ಅವರೇ ಪ್ರೆಸ್ಸಿಗೆ ಬರುತ್ತಾರೆ ಎಂದು ಕೇಳಿ, ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

ಅವರು ಕನ್ನಡಕ ಏರಿಸಿ ಮೊದಲ ಪುಟ ತೆರೆದರು. ಒಂದೊಂದೇ ಪುಟ ತಿರುವುತ್ತ ತಮ್ಮ ಫೋಟೋದ ತನಕ ಬಂದರು. ನಾನು ಬಗ್ಗಿ ನೋಡಿದವನು ಹಾಗೇ ನಿಂತೆ. ನಮ್ಮ ಕಡೆಯ ಹಿರಿಯರ ತಲೆಯ ಮೇಲೆ ಖಾಲಿ ಜಾಗ ಎಲ್ಲಿರುತ್ತದೆ? ಅಲ್ಲಿ ರುಮಾಲಿರುತ್ತದೆ. ಶಿರಹಟ್ಟಿಯವರ, ಮುಂಡರಗಿಯವರ, ಡೋಣಿಯವರ ರುಮಾಲುಗಳನ್ನೂ ಮುಸ್ಲಿಂ ಹಿರಿಯರ ಟೋಪಿಗಳನ್ನೂ ನನ್ನ ಪ್ರೋಗ್ರಾಂ ಒಂದೂ ಬಿಡದೆ ಹುಬ್ಬಿನ ಮೇಲೆ ಕತ್ತರಿಸಿ ಒಗೆದಿತ್ತು.

"ತಮ್ಮಾ, ಇದು ನಾನ ಏನು?"

"ಹೌದ್ರಿ."

"ನನ್ನ ರುಮಾಲ?"

ನಾನು ಕಂಪ್ಯೂಟರಿನ ಕಡೆ ಬೆರಳು ಮಾಡಿದೆ. ಹೊಗಳಿಕೆ ಬಂದರೆ ನನ್ನ ಪ್ರೋಗ್ರಾಂ, ತಪ್ಪಾದರೆ ಕಂಪ್ಯೂಟರಿನದು.

ಅವರು ಸಿಟ್ಟಾಗಲಿಲ್ಲ. ತಲೆಯ ಮೇಲಿನ ರುಮಾಲನ್ನು ಎರಡೂ ಕೈಯಿಂದ ಸರಿಮಾಡಿಕೊಂಡರು. "ಹೆಣ್ಣಿನ ಅಪ್ಪ ರುಮಾಲ ತಗದು ಬೀಗರ ಕಾಲಾಗ ಇಡೂದು ನೋಡೀನಿ. ನಮ್ಮಕ್ಕನ ಸಲುವಾಗಿ ನಮ್ಮಪ್ಪ ಇಟ್ಟಿದ್ದ. ನೀ ಮಾತುಕತಿಗೆ ಮೊದಲ ತಗಿಸಿದೆಲ್ಲೋ ತಮ್ಮಾ," ಎಂದರು.

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ಪ್ರೆಸ್ಸಿನ ಸಾಹೇಬರು, "ತಿದ್ದಿಸಿ ಇಡತೀನ್ರಿ, ಬರೂ ವಾರ ಬರ್ರಿ," ಎಂದು ಚಹಾ ತರಿಸಿದರು. ಹುಡುಗಿಯ ಅಪ್ಪ ಅದನ್ನು ಮುಟ್ಟದೆ ಎದ್ದು ಬಸ್ಸಿಗೆ ಹೋದರು. ನಮ್ಮಲ್ಲಿ ಚಹಾ ಬಿಟ್ಟು ಎದ್ದರೆ ಸಂಬಂಧ ಬಿಟ್ಟು ಎದ್ದಂತೆಯೇ. ಮನೆಗೆ ಬಂದು ಹೇಳಿದಾಗ ಅವ್ವ, "ನಿನ್ನ ಬಾಯಾಗ ನೀನ ಮಣ್ಣ ಹಾಕ್ಕೊಂಡಿ," ಎಂದಳು. ಅವತ್ತು ಊಟ ಸೇರಲಿಲ್ಲ. ಆ ಹುಡುಗಿಯ ನಗು ನೆನಪಾಗಿ ಅಳು ಬಂತು.

ಪ್ರೋಗ್ರಾಂ ಅಳಿಸಿ ಹಾಕಿ, ಒಂದೊಂದೇ ಫೋಟೋವನ್ನು ಕೈಯಿಂದ ಕೂರಿಸಿದೆ. ಒಬ್ಬರ ರುಮಾಲು ಬಿಗಿ, ಒಬ್ಬರದು ಸಡಿಲ, ಒಬ್ಬರದು ಕಿವಿಯ ತನಕ. ಹುಡುಗಿಯ ಅಪ್ಪನ ಫೋಟೋ ಬಂದಾಗ ಮಾತ್ರ ಮತ್ತೆ ಜಾಣತನ ಸುಮ್ಮನಿರಲಿಲ್ಲ. ಅವರ ಚೌಕಟ್ಟನ್ನು ಒಂದು ಬೆರಳಿನಷ್ಟು ಹಿಗ್ಗಿಸಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮುಂದಿನ ವಾರ ಅವರು ಬಂದರು. ಮೊದಲು ಬೇರೆ ಊರಿನವರ ರುಮಾಲುಗಳನ್ನೆಲ್ಲ ನೋಡಿದರು.

"ಕೈಲೆ ಮಾಡಿದಿ ಏನು?"

"ಹೂಂನ್ರಿ."

ಕೊನೆಗೆ ತಮ್ಮ ಪುಟಕ್ಕೆ ಬಂದು, ಫೋಟೋದ ಮೇಲೆ ಬೆರಳಿಟ್ಟರು. "ಇದ್ಯಾಕ ದೊಡ್ಡದೈತಿ?"

ಇನ್ನು ಉಳಿದದ್ದೂ ಹೋಯಿತು ಅಂದುಕೊಂಡೆ.

"ಎಲ್ಲಾರ ಅಳತಿಗಿ ತಾ," ಎಂದು ಅವರು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡರು. "ಪುಸ್ತಕ ಬರೂ ಹೊತ್ತಿಗೆ ನಿಶ್ಚಯ ಆಗಿರತೈತಿ. ಅಳಿಯ ಮಾಡ್ಯಾನ ಅಂತ ಮಂದಿ ಆಡಕೋತಾರ."