ನಮ್ಮತ್ತೆಯ ಎದೆಬಡಿತದ ಗುಳಿಗೆ

ಗೆಳೆಯರೇ, ಇವತ್ತು ನಮ್ಮತ್ತೆ ಗೆದ್ದುಬಿಟ್ಟರು!

ಎದೆಬಡಿತ ತಾಳ ತಪ್ಪುತ್ತಿದೆಯೆಂದು ಅವರನ್ನು ತೇರದಾಳದಿಂದ ಜಮಖಂಡಿಗೆ ಕರೆದೊಯ್ದಿದ್ದೆ. ಡಾಕ್ಟರು ಗುಳಿಗೆ ಬರೆದು, "ಮುಂಜಾನಿ ಎಂಟಕ್ಕ, ರಾತ್ರಿ ಎಂಟಕ್ಕ. ತಪ್ಪಿಸಿದ್ರ ಜೀವಕ್ಕ ಧೋಕಾ ಐತ್ರಿ" ಎಂದರು.

"ನಾವು ಜೈನರ್ರೀ. ಹೊತ್ತು ಮುಳುಗಿದ ಮ್ಯಾಲೆ ಮತ್ತ ಹುಟ್ಟೂತನಕ ನೀರೂ ಮುಟ್ಟಂಗಿಲ್ಲ" ಎಂದರು ಅತ್ತೆ.

"ಹಂಗಾರ ಮುಂಜಾನಿ ಆರಕ್ಕ, ಸಂಜಿ ಆರಕ್ಕ ತಗೋರಿ."

"ಮುಂಜಾನಿ ಆರಕ್ಕ ಹೊತ್ತು ಎಲ್ಲಿ ಹುಟ್ಟಿರತೈತ್ರಿ?"

ಈಗ ನನ್ನ ಎದೆ ಢವಢವ! ಡಾಕ್ಟರು ಮಾತ್ರ ನಕ್ಕು, ಆ ಚೀಟಿ ಹರಿದು, ದಿನಕ್ಕೊಂದೇ ಸಲ ಮಧ್ಯಾಹ್ನ ಊಟದ ಜೊತೆ ನುಂಗುವ ಬೇರೆ ಗುಳಿಗೆ ಬರೆದರು!

ಬಸ್ಸಿನಲ್ಲಿ ಅತ್ತೆ ಹೇಳಿದರು: "ಡಾಕ್ಟರು ಭಾಳ ಛಲೋ ಅದಾರ. ಹೇಳಿದ್ದು ಕೇಳ್ತಾರ."

ಮದುವೆಯಾಗಿ ಹದಿನೆಂಟು ವರ್ಷವಾಯಿತು. ಈ ಸರ್ಟಿಫಿಕೇಟ್ ನನಗಿನ್ನೂ ಸಿಕ್ಕಿಲ್ಲ!